ಭಾವನ ಡಬ್ಬಿಯೂ ರಾಜಗಾಡಿಯ ಮೂಳೆಯೂ

ನಮ್ಮ ಭಾವ ಈವರೆಗೆ ಒಂದೇ ಒಂದು ಹೊಸ ಗಾಡಿಯನ್ನೂ ಕೊಂಡವರಲ್ಲ. ಆದರೆ ಅವರು ಬೇಡವೆಂದು ತಳ್ಳಿಹಾಕಿದ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದರೆ, ಸಾಲು ನಮ್ಮ ಬೀದಿಯಿಂದ ಹೊರಟು ಆಸ್ಪತ್ರೆಯ ಗೇಟು ಮುಟ್ಟಿ, ಆಮೇಲೂ ನಾಲ್ಕು ಗಾಡಿ ಉಳಿಯುತ್ತವೆ. ಒಂದರ ದೀಪಗಳಿಗೆ ಗಾಂಭೀರ್ಯ ಸಾಲದು. ಇನ್ನೊಂದರ ಹಿಂಭಾಗವನ್ನು ಯಾರೋ ಊಟಕ್ಕೆ ಹೊತ್ತಾಯಿತೆಂದು ಅವಸರದಲ್ಲಿ ಮುಗಿಸಿದ್ದಾರೆ. ಮತ್ತೊಂದು ತಿರುವಿನಲ್ಲಿ ಸೊಂಟ ಕುಣಿಸುತ್ತದೆ. ಇವರು ಅದನ್ನೆಲ್ಲ ಓಡಿಸಿದ್ದು ಯಾವಾಗ ಎಂದು ಕೇಳಬೇಡಿ. ಫೋನಿನಲ್ಲಿ ನೋಡಿದರು, ಸಾಕು. ಬೀದಿಯವರು ಅವರಿಗೆ ‘ಶೋರೂಮ್’ ಎಂದು ಹೆಸರಿಟ್ಟಿದ್ದರು. ಅದು ಗೇಲಿ ಎಂಬುದು ಎಲ್ಲರಿಗೂ ಗೊತ್ತಿತ್ತು, ಭಾವನೊಬ್ಬರನ್ನು ಬಿಟ್ಟು.

ಅವರಿಗೆ ನಿಜವಾಗಿ ಇದ್ದದ್ದು ಹದಿನಾಲ್ಕು ವರ್ಷ ಹಳೆಯ ಒಂದು ವ್ಯಾನು. ಮನೆಯಲ್ಲಿ ಅದಕ್ಕೆ ಡಬ್ಬಿ ಎನ್ನುತ್ತಿದ್ದೆವು. ಆಸ್ಪತ್ರೆಯ ಕೊಳೆ ಹಾಸಿಗೆಬಟ್ಟೆಗಳ ಗಂಟುಗಳನ್ನು ಒಗೆಯುವ ಕಾರ್ಖಾನೆಗೆ ಒಯ್ಯುವುದು, ಒಗೆದದ್ದನ್ನು ತಂದು ಉಗ್ರಾಣಕ್ಕೆ ಹಾಕುವುದು, ಇದು ಡಬ್ಬಿಯ ಕೆಲಸ. ಡಬ್ಬಿಗೆ ಒಂದು ರೋಗವಿತ್ತು. ಡ್ರೈವರ್ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಹೊರಗಿನಿಂದ ಬರೀ ಎಳೆದರೂ ಬರುತ್ತಿರಲಿಲ್ಲ. ಪಕ್ಕದ ಸೀಟಿನ ತುಂಬ ಗಂಟುಗಳಿರುವುದರಿಂದ ಆ ಕಡೆಯಿಂದ ಇಳಿಯುವ ಹಾಗೂ ಇರಲಿಲ್ಲ. ಭಾವ ಮನೆ ಮುಂದೆ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು, ಹಿಡಿಯನ್ನು ಮೇಲಕ್ಕೆತ್ತಿ, ಬೀಗದ ತೂತಿನಿಂದ ಒಂದು ಗೇಣು ಕೆಳಗೆ ಒಂದು ಒದೆ ಕೊಡುತ್ತಿದ್ದಳು. ಧಡ್! ಬಾಗಿಲು ತೆರೆದುಕೊಂಡು ಭಾವ ಹೊರಬರುತ್ತಿದ್ದರು. ಒದೆಯ ಸದ್ದು ಕೇಳಿದರೆ ಎದುರುಮನೆಯವರು ಗಡಿಯಾರ ನೋಡದೆ ಸಂಜೆ ಆರು ಎನ್ನುತ್ತಿದ್ದರು.

ಇಂಥ ಭಾವ ತಮ್ಮ ಪೂರ್ತಿ ಹೃದಯ ಕೊಟ್ಟಿದ್ದು ಕಣ್ಣಿನ ಡಾಕ್ಟರ ಗಾಡಿಗೆ. ಅದೇ ಆಸ್ಪತ್ರೆಯ ದೊಡ್ಡ ಡಾಕ್ಟರು. ಅವರ ಗಾಡಿ ಡಬ್ಬಿಯ ಕಂಪನಿಯದ್ದೇ. ಆದರೆ ಎತ್ತರ, ಅಗಲ, ಹೊಳಪು ಎಲ್ಲದರಲ್ಲೂ ಬೇರೆ ಜಾತಿ. ಭಾವ ಅದಕ್ಕೆ ರಾಜಗಾಡಿ ಎಂದು ಹೆಸರಿಟ್ಟಿದ್ದರು. ಡಾಕ್ಟರು ಒಬ್ಬರೇ ಓಡಿಸಿಕೊಂಡು ಬಂದು, ನಿಲ್ಲಿಸಿ, ಸ್ಟೀರಿಂಗ್ ಬಿಟ್ಟು ಪಕ್ಕದ ಸೀಟಿಗೆ ಜರುಗಿ ಎಡಗಡೆಯಿಂದ ಇಳಿಯುತ್ತಿದ್ದರು.

“ನೋಡಿದ್ಯಾ ಬಾಮೈದ,” ಎಂದು ಭಾವ ನನ್ನ ಪಕ್ಕೆಗೆ ತಿವಿಯುತ್ತಿದ್ದರು. “ದೊಡ್ಡೋರು ಇಳಿಯೋ ರೀತಿನೇ ಬೇರೆ. ಬಲಗಡೆಯಿಂದ ಇಳಿಯೋನು ಡ್ರೈವರ್ರು, ಎಡಗಡೆಯಿಂದ ಇಳಿಯೋನು ಯಜಮಾನ. ಆ ಗಾಡೀಲಿ ಕೂತ್ರೆ ಒಬ್ಬನೇ ಮನುಷ್ಯ ಎರಡೂ ಆಗ್ಬಹುದು.”

ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಗ್ಯಾರೇಜಿನಲ್ಲಿ ತಗಡು ಬಡಿಯುವವನು. ಗಾಡಿಗಳ ಬಟ್ಟೆ ಬಿಚ್ಚಿ ನೋಡಿದವನು. ಬಟ್ಟೆ ಬಿಚ್ಚಿದ ಮೇಲೆ ಯಾವ ಗಾಡಿಯೂ ರಾಜನಲ್ಲ, ಎಲ್ಲದರೊಳಗೂ ತುಕ್ಕು, ಜಿಡ್ಡು, ಒಂದು ಸತ್ತ ಜಿರಳೆ. ಆದರೆ ನನ್ನನ್ನು ಕೇಳುವವರು ಯಾರು? ಕೈಗೆ ಜಿಡ್ಡಾಗದವನ ಅಭಿಪ್ರಾಯಕ್ಕೇ ಈ ಲೋಕದಲ್ಲಿ ಬೆಲೆ.

ಅಷ್ಟರಲ್ಲಿ ರಾಜಗಾಡಿಗೆ ಹೊಸ ರೂಪ ಬರುತ್ತದೆಂಬ ಸುದ್ದಿ ಹಬ್ಬಿತು. ಫೋನು ತೆರೆದರೆ ಅದೇ. ದೀಪ ಸಪೂರವಾಗುತ್ತದಂತೆ ಎಂದು ಒಬ್ಬ, ಇಲ್ಲ ದಪ್ಪವಾಗುತ್ತದಂತೆ ಎಂದು ಇನ್ನೊಬ್ಬ. ನೋಡಿದವರು ಯಾರೂ ಇಲ್ಲ, ಹೊಡೆದಾಡುವವರು ಸಾವಿರ. ಜೊತೆಗೆ ಇನ್ನೊಂದು ಗುಸುಗುಸು ಬಂತು. ಹೊಸ ರಾಜಗಾಡಿಯನ್ನು ಕಂಪನಿಯ ಸಾಮಾನು ಸಾಗಿಸುವ ವ್ಯಾನಿನ ಪ್ಲಾಟ್‌ಫಾರ್ಮಿನ ಮೇಲೆಯೇ ಕಟ್ಟುತ್ತಾರಂತೆ. ಅಂದರೆ ಅಡಿಯ ಚೌಕಟ್ಟು ಎರಡಕ್ಕೂ ಒಂದೇ, ಮೇಲಿನ ಅಂಗಿ ಮಾತ್ರ ಬೇರೆ.

ಇದನ್ನು ಓದಿದ ದಿನ ಭಾವ ಊಟ ಬಿಟ್ಟರು. ಬೀದಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹತ್ತು ಜನರ ಮುಂದೆ ಎದೆ ಮುಟ್ಟಿಕೊಂಡು ಆಣೆ ಮಾಡಿದರು: “ರಾಜಗಾಡಿಗೂ ನನ್ನ ಡಬ್ಬಿಗೂ ಒಂದೇ ಮೂಳೆ ಅಂತ ಯಾರಾದ್ರೂ ತೋರಿಸ್ಲಿ. ಇನ್ಮೇಲೆ ಗಾಡಿ ವಿಷಯದಲ್ಲಿ ನಾನು ಬಾಯಿ ಬಿಟ್ರೆ ಕೇಳಿ!”

ಆ ಗುಸುಗುಸು ನಿಜವಾಗಲಿ ಎಂದು ಅಂದಿನಿಂದ ಇಡೀ ಬೀದಿ ಹಾರೈಸತೊಡಗಿತು.

ಮರುವಾರ ಭಾವ ಆಸ್ಪತ್ರೆಯ ಗೇಟಿನೊಳಗೆ ಬರುವಾಗ ರಾಜಗಾಡಿ ಎದುರಾಯಿತು. ಅದು ದಾಟಿಹೋದ ಮೇಲೂ ಇವರ ಕುತ್ತಿಗೆ ಅದರ ಹಿಂದೆಯೇ ಹೋಯಿತು. ಕುತ್ತಿಗೆ ಒಂದು ಕಡೆ, ಡಬ್ಬಿ ಒಂದು ಕಡೆ. ಗೇಟಿನ ಕಂಬ ಮಾತ್ರ ತಾನಿದ್ದಲ್ಲೇ ಇತ್ತು. ಡಬ್ಬಿಯ ಮುಖ ಅಪ್ಪಚ್ಚಿಯಾಗಿ, ಎರಡು ದೀಪಗಳೂ ಒಂದನ್ನೊಂದು ನೋಡುವ ಸ್ಥಿತಿಗೆ ಬಂದವು.

ಆಸ್ಪತ್ರೆಯ ಉಗ್ರಾಣದ ಮೇಡಂ ಕಂಬ ನೋಡಿದರು, ಡಬ್ಬಿ ನೋಡಿದರು, ಭಾವನನ್ನು ನೋಡಲೇ ಇಲ್ಲ. “ಶನಿವಾರ ನಿಮ್ಮ ಗಾಡಿ ಫಿಟ್‌ನೆಸ್ ಪರೀಕ್ಷೆ ಇದೆ ಅಲ್ವಾ? ಅದರ ಸರ್ಟಿಫಿಕೇಟ್ ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲಿರಬೇಕು. ಇಲ್ಲಾಂದ್ರೆ ಬೇರೆ ವ್ಯಾನಿನವರು ಕಾಯ್ತಿದ್ದಾರೆ. ಬೆಡ್‌ಶೀಟ್ ಇಲ್ಲದೆ ರೋಗಿಗಳನ್ನ ಎಲ್ಲಿ ಮಲಗಿಸ್ಲಿ, ನಿಮ್ಮ ಫೋನಿನ ಮೇಲಾ?”

ಅಕ್ಕ ಅವತ್ತು ನನ್ನ ಗ್ಯಾರೇಜಿಗೇ ಬಂದಳು. ಅಕ್ಕ ಬೇಡಿಕೊಳ್ಳುವವಳಲ್ಲ. ಒದೆಯುವವಳು. ಅವತ್ತು ಕಣ್ಣು ತುಂಬಿಕೊಂಡಿದ್ದಳು. “ಆ ಗಂಟುಗಳೇ ಕಣೋ ನಮ್ಮ ಒಲೆ. ಅದು ಹೋದ್ರೆ ನಿಮ್ಮ ಭಾವಂಗೆ ಬೇರೆ ಕೆಲಸ ಯಾರು ಕೊಡ್ತಾರೆ? ಗಾಡಿ ಬಗ್ಗೆ ಮಾತಾಡೋಕೆ ಯಾರೂ ಸಂಬಳ ಕೊಡಲ್ಲ.”

ನಮ್ಮ ಗ್ಯಾರೇಜಿನ ಮೇಸ್ತ್ರಿಗೆ ಒಂದು ನಿಯಮವಿದೆ. ಬಣ್ಣ ಮುಗಿಯುವವರೆಗೆ ಗಾಡಿಯ ಯಜಮಾನ ಒಳಗೆ ಕಾಲಿಡಬಾರದು. ಬಂದವರು ಬೆನ್ನ ಹಿಂದೆ ನಿಂತು ಸಲಹೆ ಕೊಡುತ್ತಾರೆ ಎಂಬುದು ಕಾರಣ. ಭಾವನ ವಿಷಯದಲ್ಲಿ ಮೇಸ್ತ್ರಿ ಗೇಟಿಗೆ ಬೀಗವನ್ನೇ ಹಾಕಿಸಿದರು.

ಡಬ್ಬಿಯ ಮುಖದ ಬಿಡಿಭಾಗಗಳನ್ನು ಕಂಪನಿ ಮಾಡುವುದನ್ನು ನಿಲ್ಲಿಸಿ ಆರು ವರ್ಷವಾಗಿತ್ತು. ಗುಜರಿಯಲ್ಲೂ ಸಿಗಲಿಲ್ಲ. ಗುರುವಾರ ಮಧ್ಯಾಹ್ನ ಮೇಸ್ತ್ರಿ ಗ್ಯಾರೇಜಿನ ಹಿತ್ತಿಲಿಗೆ ಹೋಗಿ ನಿಂತರು. ಅಲ್ಲಿ ಲಾರಿಯೊಂದು ಹಿಂದಿನಿಂದ ಗುದ್ದಿ ಮುಗಿಸಿದ್ದ ಹಳೆಯ ರಾಜಗಾಡಿ ಹುಲ್ಲಿನಲ್ಲಿ ಮಲಗಿತ್ತು. ಹಿಂಭಾಗ ಇಲ್ಲವೇ ಇಲ್ಲ, ಮುಖ ಮಾತ್ರ ಮದುಮಗನ ಮುಖ. ಮೇಸ್ತ್ರಿ ಅದರ ಬಂಪರಿನ ಹಿಂದೆ ಕೈ ಹಾಕಿ ಗೇಣಿನಲ್ಲಿ ಅಳೆದರು. ಬಂದು ಡಬ್ಬಿಯ ಮುಂದೆ ಅದೇ ಗೇಣು ಇಟ್ಟರು.

“ಲೇ, ಬಾ ಇಲ್ಲಿ. ಈ ನಾಲ್ಕು ತೂತು ನೋಡು. ಆ ನಾಲ್ಕು ತೂತು ನೋಡು.”

ನೋಡಿದೆ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಹೊಸತಕ್ಕೆ ಬರುತ್ತದಂತೆ ಎಂದು ಲೋಕವೆಲ್ಲ ಗುಸುಗುಸು ಮಾಡುತ್ತಿದ್ದದ್ದು ಹಳೆಯದರಲ್ಲೇ ಆಗಿ ಹೋಗಿತ್ತು!

“ಮೇಸ್ತ್ರಿ, ಇದು... ಒಂದೇ ಮೂಳೆ!”

“ಬಾಯಿ ಮುಚ್ಚು, ಸ್ಪ್ಯಾನರ್ ತಗೋ. ನಿಮ್ಮ ಭಾವಂಗೆ ಮಾತ್ರ ಹೇಳ್ಬೇಡ. ಗೇಟು ಹಾರಿ ಬರ್ತಾನೆ.”

ರಾಜನ ಮುಖ ಡಬ್ಬಿಗೆ ನಾಲ್ಕೇ ಬೋಲ್ಟಿನಲ್ಲಿ ಕೂತಿತು. ನೆಗ್ಗಿದ ಪಕ್ಕೆಗಳಿಗೆ ಪುಟ್ಟಿ ತುಂಬಿದೆ, ಅಲ್ಲಲ್ಲಿ ಬಣ್ಣಕ್ಕೆ ಮೊದಲು ಹಚ್ಚುವ ಬೂದು ಪ್ರೈಮರ್ ಬಳಿದೆ, ಬಣ್ಣ ತಾಗದಿರಲೆಂದು ಗಾಜಿಗೂ ದೀಪಗಳಿಗೂ ಹಳೆಯ ಪೇಪರು ಮುಚ್ಚಿ ಕಪ್ಪು ಟೇಪು ಸುತ್ತಿದೆ. ನಂಬರ್ ಪ್ಲೇಟೂ ಪೇಪರಿನಡಿ ಹೋಯಿತು. ಶುಕ್ರವಾರ ಬೆಳಿಗ್ಗೆ ಬ್ರೇಕ್ ನೋಡಬೇಕೆಂದು ಮೇಸ್ತ್ರಿ ತಲೆಗೊಂದು ಬಟ್ಟೆ ಸುತ್ತಿಕೊಂಡು, ಕಾಣುವಷ್ಟು ಪೇಪರು ಹರಿದು, ಹಿಂದಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದರು. ಕಾಲು ಗಂಟೆಯ ಮಾತು.

ಇನ್ನೊಂದು ಕಾಲು ಗಂಟೆಗೆ ಗೇಟಿನ ಸಂದಿಯಲ್ಲಿ ಭಾವನ ಮೂಗು ಕಾಣಿಸಿತು. ಮೂಗು ನಡುಗುತ್ತಿತ್ತು.

“ಬಾಮೈದ! ಸಿಕ್ಕಿಬಿತ್ತು! ಹೊಸ ರಾಜಗಾಡಿ! ನಮ್ಮೂರಲ್ಲೇ ಕದ್ದು ಓಡಿಸಿ ನೋಡ್ತಿದ್ದಾರೆ!”

ಸಂದಿಯಿಂದ ಫೋನು ತೂರಿಸಿದರು. ಮೊಬೈಲ್ ಅಂಗಡಿಯವನು ತೆಗೆದ ಅಲುಗಾಡಿದ ಚಿತ್ರ. ಡಬ್ಬಿ! ನನ್ನ ಪುಟ್ಟಿ, ನನ್ನ ಟೇಪು, ನಮ್ಮ ಮೇಸ್ತ್ರಿಯ ತಲೆಬಟ್ಟೆ!

“ನೋಡು, ಈ ಕಪ್ಪು ಪಟ್ಟಿ ಇದೆಯಲ್ಲ, ಇದು ಕಂಪನಿಯೋರ ಗುಟ್ಟು. ಕಣ್ಣಿಗೆ ಆಕಾರ ಸಿಗಬಾರದು ಅಂತ. ಈ ಬೂದು ಕಲೆ, ಇದನ್ನ ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಹಾಕಿರ್ತಾರೆ. ಪೇಪರ್ ಅಂಟಿಸಿರೋದು ನೋಡು, ಏನು ತಲೆ! ಲೋಕಲ್ ಗ್ಯಾರೇಜಿನ ಕೆಲಸ ಅಂದ್ಕೊಂಡು ಜನ ತಿರುಗಿ ನೋಡಲ್ಲ.”

“ಭಾವ. ಅದು ನಿಮ್ಮ ಡಬ್ಬಿ.”

ಭಾವ ನಕ್ಕರು. ಗೇಟು ಹಿಡಿದುಕೊಂಡು ನಕ್ಕರು. ಕಣ್ಣೀರು ಒರೆಸಿಕೊಂಡು ಹೇಳಿದರು: “ಏಳನೇ ಕ್ಲಾಸಿಗೆ ಶಾಲೆ ಬಿಟ್ರೆ ಹೀಗೇ ಆಗೋದು ಕಣೋ.”

ಭಾವ ಬಿಟ್ಟಿದ್ದು ಎಂಟನೇ ಕ್ಲಾಸಿಗೆ. ಆ ಒಂದು ವರ್ಷದ ವಿದ್ಯೆ ಮನುಷ್ಯನನ್ನು ಎಷ್ಟು ಎತ್ತರಕ್ಕೆ ಒಯ್ಯುತ್ತದೆ ನೋಡಿ.

“ಸರಿ, ಓಡಿಸ್ತಿರೋದು ಯಾರು, ಹೇಳಿ.”

“ಪರದೇಶದ ಇಂಜಿನಿಯರು. ವೇಷ ಹಾಕಿದ್ದಾನೆ.”

ಪರದೇಶದ ಇಂಜಿನಿಯರು ನನ್ನ ಹಿಂದೆ ಬೀಡಿ ಹಚ್ಚುತ್ತಾ, “ಯಾರಲೇ ಅದು ಗೇಟಲ್ಲಿ? ಕಳಿಸು!” ಎಂದು ಕೂಗಿದರು.

ಮಧ್ಯಾಹ್ನದೊಳಗೆ ಚಿತ್ರ ಎಲ್ಲರ ಫೋನಿನಲ್ಲಿತ್ತು. ಕೆಳಗೆ ಜನ ಬರೆದದ್ದನ್ನು ಓದಿ ನಾನು ಸ್ಪ್ಯಾನರ್ ಎಸೆದೆ. ‘ಪಕ್ಕೆಯ ಅಲೆಗಳು ಅದ್ಭುತ ಕಲ್ಪನೆ’ ಎಂದು ಒಬ್ಬ. ಅದು ಅಲೆಯಲ್ಲ, ಇನ್ನೂ ಉಜ್ಜಿರಲಿಲ್ಲ! ‘ಇಷ್ಟು ಅಸಹ್ಯ ಬಣ್ಣ ಯಾವ ಮೂರ್ಖ ಬಳಿದ’ ಎಂದು ಇನ್ನೊಬ್ಬ. ಪ್ರೈಮರ್ ಕಣಯ್ಯಾ, ಪ್ರೈಮರ್! ನಿನ್ನ ಮುಖಕ್ಕೂ ಅದನ್ನೇ ಮೊದಲು ಬಳಿಯಬೇಕು!

ಸಂಜೆ ಅದಕ್ಕಿಂತ ದೊಡ್ಡ ಆಘಾತ. ಕಣ್ಣಿನ ಡಾಕ್ಟರು ಸ್ವತಃ ಭಾವನಿಗೆ ಫೋನು ಮಾಡಿದರು. ಹೊಸ ರಾಜಗಾಡಿಗೆ ಅವರು ಆಗಲೇ ಹೆಸರು ಬರೆಸಿದ್ದರಂತೆ. ಚಿತ್ರ ನೋಡಿ ಗಾಬರಿಯಾಗಿ ವಿಚಾರಿಸಿದಾಗ, ಗಾಡಿ ವಿಷಯವೆಂದರೆ ಬಟ್ಟೆ ಗಂಟಿನ ಶೋರೂಮನ್ನು ಕೇಳಿ ಎಂದು ಆಸ್ಪತ್ರೆಯ ಕಾವಲುಗಾರ ಹೇಳಿದನಂತೆ. ಭಾವ ನಿಂತುಕೊಂಡು ಮಾತಾಡಿದರು. ಅಕ್ಕ, ನಾನು ಬಾಯಿ ತೆರೆದು ಕೇಳಿದೆವು.

“ಹೌದು ಸಾರ್, ಹಿಂಭಾಗ ಕುಳ್ಳಗಿದೆ. ಮುಂದಾಲೋಚನೆ ಸಾರ್. ರಸ್ತೆ ಕಿರಿದಾಗ್ತಿವೆ ಅಲ್ವಾ... ಏನು ಸಾರ್? ಹಿಂದಿನ ಬಾಗಿಲಲ್ಲಿ ಬೆಡ್‌ಶೀಟ್ ಸಿಕ್ಕಿಕೊಂಡ ಹಾಗಿದೆಯಾ? ಅದು ಪರದೆ ಸಾರ್! ಹಿಂದಿನ ಸೀಟಿಗೆ ಬಿಳಿ ಪರದೆ! ದಯವಿಟ್ಟು ಬುಕಿಂಗ್ ಬಿಡಬೇಡಿ.”

ಫೋನಿಟ್ಟು ಅಕ್ಕನ ಕಡೆ ತಿರುಗಿದರು. “ಕಣ್ಣಿನ ಡಾಕ್ಟ್ರಿಗೇ ಕಾಣದ್ದು ನನಗೆ ಕಂಡಿದೆ ಕಣೇ.”

“ನಾಳೆ ಡಬ್ಬಿ ಪಾಸಾಗದಿದ್ರೆ ನಿಮಗೆ ಇನ್ನೂ ಏನೇನೋ ಕಾಣುತ್ತೆ ರೀ,” ಎಂದಳು ಅಕ್ಕ.

ಶನಿವಾರ ಒಂಬತ್ತಕ್ಕೆ ನಾನೂ ಮೇಸ್ತ್ರಿಯೂ ಡಬ್ಬಿಯನ್ನು ಪರೀಕ್ಷೆಯ ಮೈದಾನಕ್ಕೆ ಒಯ್ದೆವು. ಪೇಪರು ಕಿತ್ತು ನಂಬರ್ ಪ್ಲೇಟು ಕಾಣುವ ಹಾಗೆ ಮಾಡಿದ್ದೆ. ಬಣ್ಣಕ್ಕೆ ಸಮಯ ಸಿಕ್ಕಿರಲಿಲ್ಲ. ಪುಟ್ಟಿ, ಪ್ರೈಮರ್, ಟೇಪು ಎಲ್ಲ ಹಾಗೆಯೇ. ದಾರಿಯಲ್ಲಿ ಕಂಡ ಮೊಬೈಲ್ ಅಂಗಡಿಯವನು ಫೋನು ಎತ್ತಿಹಿಡಿದು ಹಿಂದೆಯೇ ಬಂದ. ಅವನ ಹಿಂದೆ ಅರ್ಧ ಬೀದಿ. ಸ್ವಲ್ಪ ಹೊತ್ತಿಗೆ ಸುದ್ದಿ ತಿಳಿದು ರಾಜಗಾಡಿಯೂ ಬಂದು ಒಂದು ಲಾರಿಯ ಪಕ್ಕಕ್ಕೆ ಅಂಟಿಕೊಂಡ ಹಾಗೆ ನಿಂತಿತು. ಡಾಕ್ಟರು ಗಾಜು ಇಳಿಸಿ ಕುಳಿತಲ್ಲಿಂದಲೇ ನೋಡತೊಡಗಿದರು.

ಭಾವನೂ ಅಕ್ಕನೂ ಎದುರುಮನೆಯವರ ಸ್ಕೂಟರಿನಲ್ಲಿ ಕಾಗದಪತ್ರ ಹಿಡಿದು ಬಂದರು. ಭಾವ ಡಬ್ಬಿಯನ್ನು ಕಂಡವರೇ ಸ್ಕೂಟರು ನಿಲ್ಲುವ ಮೊದಲೇ ಇಳಿದುಬಿಟ್ಟರು. ಓಡಿ ಬಂದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳ ತುದಿಯಿಂದ ಬಾನೆಟ್ ಮುಟ್ಟಿ, ಅದಕ್ಕೆ ಒರಗಿ ನಿಂತು ಮೊಬೈಲ್ ಅಂಗಡಿಯವನಿಗೆ, “ನನ್ನದೊಂದು ಫೋಟೋ ತೆಗಿ,” ಎಂದರು.

ಇನ್‌ಸ್ಪೆಕ್ಟರು ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಬಂದು ಒಂದು ನಂಬರು ಕೂಗಿದರು.

“ನಂದು ಸಾರ್, ನಂದು!” ಎಂದು ಭಾವ ಕೈಯೆತ್ತಿದರು. ಮೈದಾನದ ಆಚೆ ಈಚೆ ನೋಡಿದರು. “ಬಾಮೈದ, ಡಬ್ಬಿ ಎಲ್ಲೋ?”

“ಒರಗಿಕೊಂಡಿದ್ದೀರಲ್ಲ. ಅದೇ.”

ಭಾವ ನಂಬರ್ ಪ್ಲೇಟು ನೋಡಿದರು. ಕೈಯಲ್ಲಿದ್ದ ಕಾಗದ ನೋಡಿದರು. ಮತ್ತೆ ಪ್ಲೇಟು ನೋಡಿದರು. ಸುಣ್ಣ ಬಳಿದ ಗೋಡೆಗೂ ಅವರ ಮುಖಕ್ಕಿಂತ ಹೆಚ್ಚು ಬಣ್ಣವಿರುತ್ತದೆ. ಬಾನೆಟ್ಟಿನಿಂದ ಬೆನ್ನು ತೆಗೆಯಲು ಅವರಿಗೆ ಪೂರಾ ಒಂದು ನಿಮಿಷ ಹಿಡಿಯಿತು.

ಇನ್‌ಸ್ಪೆಕ್ಟರಿಗೆ ಇನ್ನೊಂದು ತರದ ಆಘಾತ. “ಕಾಗದದಲ್ಲಿ ಸಾಮಾನು ವ್ಯಾನು ಅಂತಿದೆ. ಮುಖ ನೋಡಿದ್ರೆ ಏನೋ ಬೇರೆ ಇದೆಯಲ್ರೀ!”

“ಸಾರ್, ಅದು ಕಂಪನಿಯೋರ ಗುಟ್ಟಿನ ಗಾಡಿ!” ಎಂದು ಮೊಬೈಲ್ ಅಂಗಡಿಯವನು ನುಗ್ಗಿದ. “ಶೋರೂಮಣ್ಣನೂ ಅವರ ಕಡೆಯೋರೇ ಅಂತ ಕಾಣುತ್ತೆ. ಇಷ್ಟು ದಿನ ನಮ್ಮನ್ನ ಆಟ ಆಡಿಸಿದ್ದಾರೆ!”

ಜನ ಹೌದೆಂದು ತಲೆಯಾಡಿಸಿದರು. ಇನ್‌ಸ್ಪೆಕ್ಟರು ಒಮ್ಮೆಲೇ ನೆಟ್ಟಗೆ ನಿಂತು ಅಂಗಿ ಸರಿಮಾಡಿಕೊಂಡರು. ದನಿಗೆ ಬೆಣ್ಣೆ ಬಂತು. “ಮೊದಲೇ ಹೇಳಬಾರದಿತ್ತಾ ಸಾರ್? ಕಂಪನಿ ಗಾಡಿಯಾದ್ರೆ ನಮ್ಮ ಸರ್ಟಿಫಿಕೇಟ್ ಬೇಕಾಗಿಲ್ಲ. ನೀವು ಹೊರಡಬಹುದು.”

ಭಾವನ ಜೀವಮಾನದಲ್ಲಿ ಯಾರೂ ಅವರನ್ನು ಸಾರ್ ಎಂದಿರಲಿಲ್ಲ. ಇಡೀ ಬೀದಿ ನೋಡುತ್ತಿತ್ತು. ಡಾಕ್ಟರು ಗಾಜಿನಿಂದ ತಲೆ ಹೊರಹಾಕಿದ್ದರು. ಹೌದು ಎಂದು ಒಂದು ಸಲ ಗಲ್ಲ ಅಲ್ಲಾಡಿಸಿದ್ದರೆ ಭಾವ ಆ ಬೀದಿಯಲ್ಲಿ ಸಾಯುವವರೆಗೆ ದೊಡ್ಡ ಮನುಷ್ಯ. ಆದರೆ ಸರ್ಟಿಫಿಕೇಟ್ ಇಲ್ಲ, ಸೋಮವಾರದಿಂದ ಗಂಟುಗಳಿಲ್ಲ, ಒಲೆಯಿಲ್ಲ. ಅಕ್ಕ ಭಾವನನ್ನೇ ನೋಡುತ್ತಿದ್ದಳು. ಭಾವ ಡಬ್ಬಿಯ ಬಾನೆಟ್ಟಿನ ಮೇಲೆ ಕೈ ಇಟ್ಟರು.

“ಕಂಪನಿದಲ್ಲ ಸಾರ್,” ಎಂದರು. “ನಂದೇ. ಆಸ್ಪತ್ರೆ ಕೊಳೆ ಬಟ್ಟೆ ಹೊರೋ ಡಬ್ಬಿ.”

ಹದಿನಾಲ್ಕು ವರ್ಷದಲ್ಲಿ ಅವರು ಗಾಡಿಯ ಬಗ್ಗೆ ಆಡಿದ ಮೊದಲ ನಿಜ. ಒಬ್ಬರೂ ನಂಬಲಿಲ್ಲ.

“ಹಾಗೇ ಹೇಳಬೇಕು ಅಂತ ಕಂಪನಿಯೋರು ಕಲಿಸಿರ್ತಾರೆ,” ಎಂದ ಮೊಬೈಲ್ ಅಂಗಡಿಯವನು.

“ನಿಮ್ಮದೇ ಅಂತ ಏನು ಸಾಕ್ಷಿ?” ಎಂದರು ಇನ್‌ಸ್ಪೆಕ್ಟರು. ಕಂಪನಿ ಚೌಕಟ್ಟಿನ ಮೇಲೆ ಕೆತ್ತಿದ ಚಾಸಿ ನಂಬರು ನೋಡೋಣವೆಂದರೆ ನಾನು ಅದರ ಮೇಲೂ ಧಾರಾಳವಾಗಿ ಪ್ರೈಮರ್ ಬಳಿದಿದ್ದೆ. ಮೇಸ್ತ್ರಿ ನನ್ನನ್ನು ನೋಡಿದ ನೋಟವನ್ನು ನಾನಿಲ್ಲಿ ಬರೆಯುವುದಿಲ್ಲ. ಬಣ್ಣ ಕರಗಿಸುವ ಥಿನ್ನರ್ ಹಚ್ಚಿದ ಬಟ್ಟೆ ಹಿಡಿದು ಉಜ್ಜತೊಡಗಿದೆ.

“ತಡೀರಿ,” ಎಂದಳು ಅಕ್ಕ. “ಸಾಹೇಬ್ರೇ, ಈ ಬಾಗಿಲು ತೆಗೀರಿ ನೋಡೋಣ.”

ಇನ್‌ಸ್ಪೆಕ್ಟರು ಎಳೆದರು. ಎರಡು ಕೈ ಹಾಕಿ ಎಳೆದರು. ಕಾಲು ಊರಿ ಎಳೆದರು. ಅಕ್ಕ ಅವರನ್ನು ಪಕ್ಕಕ್ಕೆ ಸರಿಸಿ, ಹಿಡಿ ಎತ್ತಿ, ಗೇಣು ಕೆಳಗೆ ಒಂದು ಬಿಟ್ಟಳು. ಧಡ್! ಬಾಗಿಲು ತೆರೆಯಿತು. ಮುಚ್ಚಿದಳು. ಇನ್‌ಸ್ಪೆಕ್ಟರು ಇನ್ನೊಂದು ಸಲ ಎಳೆದು ಸೋತರು. ಧಡ್!

“ಆಯ್ತಮ್ಮ, ಆಯ್ತು,” ಎಂದರು ಇನ್‌ಸ್ಪೆಕ್ಟರು ಅಂಗೈ ಉಜ್ಜಿಕೊಳ್ಳುತ್ತಾ. “ಇಷ್ಟು ವರ್ಷ ಸಂಸಾರ ಮಾಡಿದೋರನ್ನ ಬಿಟ್ಟು ಬೇರೆಯವರಿಗೆ ಈ ಜಾಗ ಗೊತ್ತಿರಲ್ಲ.” ಅಷ್ಟರಲ್ಲಿ ಪ್ರೈಮರಿನಡಿಯಿಂದ ನಂಬರೂ ಎದ್ದುಬಂತು. ಕಾಗದಕ್ಕೆ ತಾಳೆಯಾಯಿತು. “ಆದ್ರೂ ಪಾಸು ಮಾಡೋಕಾಗಲ್ಲ. ಬೇರೆ ಗಾಡಿ ಮುಖ ಬೆಸುಗೆ ಹಾಕಿ ಅಂಟಿಸಿದ್ದೀರಿ. ದಾರೀಲಿ ಕಳಚಿ ಬಿದ್ರೆ?”

“ಒಂದು ಹನಿ ಬೆಸುಗೆ ಇದ್ರೆ ನನ್ನ ಕೈ ಕಡೀರಿ,” ಎಂದರು ಮೇಸ್ತ್ರಿ. “ನಾಲ್ಕು ಬೋಲ್ಟು. ತೂತು ಕಂಪನಿಯೋರೇ ಕೊರೆದದ್ದು. ಎರಡು ಗಾಡಿಗೂ ಒಂದೇ ಮೂಳೆ.”

“ಏನು ಮಾತಾಡ್ತಿದ್ದೀಯ!” ಎಂದು ರಾಜಗಾಡಿಯೊಳಗಿಂದ ಗರ್ಜನೆ ಕೇಳಿತು. ಕಣ್ಣಿನ ಡಾಕ್ಟರು ಕೆಂಪಾಗಿದ್ದರು. “ನನ್ನ ಗಾಡಿಗೂ ಈ ಕೊಳೆ ಡಬ್ಬಿಗೂ ಒಂದೇ ಮೂಳೆಯಾ? ಇಳಿದು ಬಂದೆ ಅಂದ್ರೆ...”

ಇಳಿಯಲಿಲ್ಲ. ಬಾಗಿಲು ತಳ್ಳಿದರು. ಭುಜ ಕೊಟ್ಟು ತಳ್ಳಿದರು. ಪಕ್ಕದ ಸೀಟಿಗೆ ಜರುಗಿ ನೋಡಿದರೆ ಎಡಬಾಗಿಲಿಗೆ ಲಾರಿ ಅಡ್ಡ. ಮತ್ತೆ ಈ ಕಡೆ ಜರುಗಿದರು. ಬೆವರಿದರು. ಗರ್ಜನೆ ಇಳಿದು, “ಅದು ಸ್ವಲ್ಪ... ಒಂದು ವರ್ಷದಿಂದ ಹೀಗೇ...” ಎಂಬಲ್ಲಿಗೆ ಬಂತು.

ಭಾವ ನಿಧಾನವಾಗಿ ಮುಂದೆ ಹೋದರು. ನಂಬಿದ ಕಥೆ ಸುಳ್ಳೆಂದು ತಿಳಿದ ಮಗುವಿನ ದನಿ ಅವರದ್ದು. “ಡಾಕ್ಟ್ರೇ, ಹಾಗಾದ್ರೆ ನೀವು ದಿನಾ ಎಡಗಡೆಯಿಂದ ಇಳಿತಿದ್ದದ್ದು...”

ಡಾಕ್ಟರು ಸ್ಟೀರಿಂಗ್ ನೋಡುತ್ತಾ ಕುಳಿತರು.

ಅಕ್ಕ ರಾಜಗಾಡಿಯ ಬಾಗಿಲ ಮುಂದೆ ನಿಂತಳು. ಬೀಗದ ತೂತಿನಿಂದ ಒಂದು ಗೇಣು ಅಳೆದಳು. ಹಿಡಿ ಎತ್ತಿದಳು.

ಧಡ್!

ಅದೇ ಸದ್ದು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಗುಂಪಿನಲ್ಲಿದ್ದ ಎದುರುಮನೆಯವರು ಅಭ್ಯಾಸಬಲದಿಂದ, “ಆರು ಗಂಟೆ,” ಎಂದುಬಿಟ್ಟರು. ಬಾಗಿಲು ತೆರೆದುಕೊಂಡು ಡಾಕ್ಟರು ನೇರ ಭಾವನ ತೋಳಿಗೆ ಬಿದ್ದರು.

ಇನ್‌ಸ್ಪೆಕ್ಟರು ರಾಜಗಾಡಿಯ ಬಂಪರಿನಡಿ ಬಗ್ಗಿ ತೂತು ನೋಡಿದರು, ಡಬ್ಬಿಯ ಬಂಪರಿನಡಿ ಬಗ್ಗಿ ತೂತು ನೋಡಿದರು. ಎದ್ದು ಬ್ರೇಕು, ದೀಪ, ಹಾರ್ನು ಪರೀಕ್ಷಿಸಿದರು. ಹಲಗೆಯ ಮೇಲೆ ಬರೆದು ಠಸ್ಸೆ ಒತ್ತಿದರು. ಅಕ್ಕ ಸರ್ಟಿಫಿಕೇಟ್ ಕಸಿದುಕೊಂಡು ಎದೆಗೊತ್ತಿ ಹಿಡಿದಳು.

“ಶೋರೂಮಣ್ಣ,” ಎಂದ ಮೊಬೈಲ್ ಅಂಗಡಿಯವನು ಮೆಲ್ಲಗೆ, “ಆಣೆ ನೆನಪಿದೆಯಾ?”

ಭಾವ ಬಾಯಿ ತೆರೆದರು. ಮುಚ್ಚಿದರು.

ಭಾನುವಾರವಿಡೀ ಅವರು ಮಾತಾಡಲಿಲ್ಲ. ಬೀದಿಯವರು ಸಂತೋಷದಿಂದ ಹಾದುಹೋದರು. ಆದರೆ ಸೋಮವಾರ ಬೆಳಿಗ್ಗೆ ಉಗ್ರಾಣದ ಮೇಡಂ ಸರ್ಟಿಫಿಕೇಟ್ ನೋಡಿ, ಕಿಟಕಿಯಿಂದ ಡಬ್ಬಿಯ ಹೊಸ ಮುಖ ನೋಡಿ, “ಇದೇನ್ರೀ ಇದು?” ಎಂದು ಬಾಯಿಗೆ ಕೈ ಹಿಡಿದರಂತೆ. ಭಾವ ಆಣೆಗೆ ಒಂದು ಬಾಗಿಲು ಕಂಡುಕೊಂಡರು. ಗಾಡಿ ವಿಷಯ ಮಾತಾಡುವುದಿಲ್ಲ ಎಂದಿದ್ದೆ, ಸಂಸಾರದ ವಿಷಯ ಮಾತಾಡಬಹುದಲ್ಲ?

“ನಮ್ಮ ಮನೆಯೋನು ಮೇಡಂ. ಡಾಕ್ಟ್ರ ಹತ್ರ ಇರೋದು ಇವನ ತಮ್ಮ.”

ಅದೇ ಸಂಜೆ ಗ್ಯಾರೇಜಿನ ಗೇಟಿನ ಸಂದಿಯಲ್ಲಿ ಇನ್ನೊಂದು ಮೂಗು ಕಾಣಿಸಿತು. ಕಪ್ಪು ಕನ್ನಡಕ, ತಲೆಗೆ ಸುತ್ತಿದ ಬಟ್ಟೆ. ಕಣ್ಣಿನ ಡಾಕ್ಟರು. ರಸ್ತೆಯ ಆ ಕಡೆ ರಾಜಗಾಡಿ ನಿಂತಿತ್ತು. ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಕೇಳಿದರು.

“ತಮ್ಮಾ, ನಿಮ್ಮ ಅಕ್ಕ ಒದ್ದ ಜಾಗ... ಅಲ್ಲೊಂದು ಗುರುತು ಹಾಕಿಕೊಡ್ತೀಯಾ? ನನ್ನ ಹೆಂಡತಿಗೆ ಸರಿಯಾಗಿ ಗುರಿ ಸಿಗ್ತಿಲ್ಲ.”

ನಾನು ಸೀಮೆಸುಣ್ಣ ತಗೊಂಡು ಹೋದೆ. ಬೀಗದ ತೂತಿನಿಂದ ಒಂದು ಗೇಣು ಅಳೆಯಲು ಬಗ್ಗಿದರೆ, ಅಳೆಯುವ ಅಗತ್ಯವೇ ಇರಲಿಲ್ಲ. ಆ ಜಾಗ ಬಿಟ್ಟು ಸುತ್ತಲೂ ಹನ್ನೊಂದು ಕಡೆ ನೆಗ್ಗಿತ್ತು.